ಬಾಯಿ ಮುಚ್ಚಿದ ಭಗಂದರ: ಕ್ರೋನ್ಸ್ ಕಾಯಿಲೆಯ ಒಂದು ಪ್ರಕರಣ

ಹುಡುಗನಿಗೆ 26 ವರ್ಷ. ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ಊರು ತುಮಕೂರು ಜಿಲ್ಲೆಯಲ್ಲಿ, ಅಪ್ಪ ಅಲ್ಲಿನ ಕೆರೆಯ ನೀರಗಂಟಿ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಬಂದಾಗ ಅವನ ಕೈಯಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಹದಿನಾಲ್ಕು ತಿಂಗಳ ಚೀಟಿಗಳು. ಎಲ್ಲ ಶುರುವಾಗಿದ್ದು ಗುದದ ಪಕ್ಕ ಎದ್ದ ಒಂದು ಕುರುವಿನಿಂದ. "ಉಷ್ಣ ಕಣೋ, ಇಡೀ ದಿನ ಸೀಟಲ್ಲಿ ಕೂತಿರ್ತೀಯ ಅಲ್ವಾ, ಎಳನೀರು ಕುಡಿ" ಅಂದಿದ್ದರು ಗೆಳೆಯರು. ಕುಡಿದ. ಕಡಿಮೆ ಆಗಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಕುಯ್ಯಿಸಿಕೊಂಡ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಇನ್ನೊಂದು ಕಡೆ ಮತ್ತೆ ಕುಯ್ಯಿಸಿಕೊಂಡ. ಆಮೇಲೆ ಗಾಯ ಮುಚ್ಚಲೇ ಇಲ್ಲ. ಸಣ್ಣ ತೂತು, ದಿನವೂ ಕೀವು. ಗುದನಾಳದಿಂದ ಚರ್ಮಕ್ಕೆ ಹೀಗೆ ಕೊರೆದ ಸುರಂಗಕ್ಕೇ ಭಗಂದರ ಅನ್ನುತ್ತಾರೆ. ಒಳಉಡುಪಿನಲ್ಲಿ ಮಡಚಿದ ಬಟ್ಟೆ ಇಟ್ಟುಕೊಂಡೇ ಡ್ಯೂಟಿಗೆ ಹೋಗುತ್ತಿದ್ದ. ಮನೆಯಲ್ಲಿ ಪೈಲ್ಸ್ ಅಂತ ಹೇಳಿದ್ದ. ಪೈಲ್ಸ್ ಅಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಅದೊಂದು ಅನುಕೂಲ.

ಇದರ ಜೊತೆಗೇ ದಿನಕ್ಕೆ ಆರೇಳು ಸಲ ಭೇದಿ. ರಾತ್ರಿ ನಿದ್ದೆಯಿಂದ ಎದ್ದು ಓಡಬೇಕು. ಹೋಟೆಲ್ ಊಟದ ಎಫೆಕ್ಟ್ ಅಂದುಕೊಂಡು ಸುಮ್ಮನಿದ್ದ. 61 ಕೆ.ಜಿ. ಇದ್ದವನು 52ಕ್ಕೆ ಬಂದಿದ್ದ. ಕುರು ಒಂದು ಕಾಯಿಲೆ, ಭೇದಿ ಇನ್ನೊಂದು ಅಂತ ಅವನ ಲೆಕ್ಕ. ಚೀಟಿ ಬರೆದವರ ಲೆಕ್ಕವೂ ಅದೇ ಆಗಿತ್ತು ಅನ್ನುವುದು ಬೇಸರದ ಸಂಗತಿ.

ಎರಡನ್ನೂ ಕೂಡಿಸಿ ನೋಡಿದವರು ಒಬ್ಬ ಆಯುರ್ವೇದ ವೈದ್ಯರು. ಭಗಂದರಕ್ಕೆ ಕ್ಷಾರಸೂತ್ರ ಕಟ್ಟಿಸಿಕೊಳ್ಳಲು ಹುಡುಗ ಅವರಲ್ಲಿಗೆ ಹೋಗಿದ್ದ. ಔಷಧ ಸವರಿದ ನೂಲನ್ನು ಭಗಂದರದ ದಾರಿಯೊಳಗೆ ಹಾಯಿಸಿ ಕಟ್ಟಿ, ವಾರ ವಾರ ಬದಲಿಸುವ ಪದ್ಧತಿ ಅದು. ನೂಲು ನಿಧಾನವಾಗಿ ಕೊಯ್ಯುತ್ತಾ ಬರುತ್ತದೆ, ಅದರ ಹಿಂದೆ ಗಾಯ ಕೂಡುತ್ತಾ ಬರುತ್ತದೆ. ಸಾಮಾನ್ಯ ಭಗಂದರಕ್ಕೆ ಒಳ್ಳೆಯ ಚಿಕಿತ್ಸೆಯೇ. ಆದರೆ ಅವರು ಬಾಯಿಹುಣ್ಣು ನೋಡಿ, ತೂಕ ಕೇಳಿ, ಭೇದಿಯ ಕತೆ ಕೇಳಿ, "ನಾನು ಇದಕ್ಕೆ ನೂಲು ಕಟ್ಟಲ್ಲ. ಮೊದಲು ಕರುಳಿಗೆ ಕ್ಯಾಮೆರಾ ಹಾಕಿಸ್ಕೊಂಡು ಬಾ" ಅಂದರಂತೆ. ಕ್ರೋನ್ಸ್ ಅಂದರೆ ಕರುಳಿನಲ್ಲಿ ಉರಿಯೂತ, ಹುಣ್ಣು ಮಾಡುವ ದೀರ್ಘಕಾಲದ ಕಾಯಿಲೆ. ಅದರಿಂದಾದ ಭಗಂದರಕ್ಕೆ ಕೊಯ್ಯುವ ನೂಲು ಕಟ್ಟಿದ್ದರೆ ಮಲ ಹಿಡಿದಿಡುವ ಸ್ನಾಯುವಿಗೇ ಏಟು ಬೀಳುವ ಅಪಾಯವಿತ್ತು. ಆ ವೈದ್ಯರನ್ನು ನಾನು ನೋಡಿಲ್ಲ. ನೋಡಿದರೆ ಒಂದು ಕಾಫಿ ಕೊಡಿಸಬೇಕು.

ಕ್ರೋನ್ಸೋ, ಕ್ಷಯವೋ

ಕೊಲೊನೋಸ್ಕೋಪಿ ಮಾಡಿದೆವು. ಸಣ್ಣ ಕರುಳಿನ ತುದಿಯಲ್ಲಿ, ದೊಡ್ಡ ಕರುಳಿನಲ್ಲಿ ಆಳವಾದ ಉದ್ದುದ್ದ ಹುಣ್ಣುಗಳು. ಎರಡು ಹುಣ್ಣಿನ ನಡುವೆ ಏನೂ ಆಗದ ಒಳ್ಳೇ ಕರುಳು. ಗುದನಾಳದಲ್ಲೂ ಉರಿಯೂತ. ನೋಡಿದರೆ ಕ್ರೋನ್ಸ್. ಈ ಕಾಯಿಲೆಗೆ ಹೆಸರು ಬಂದಿದ್ದು 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು ವೈದ್ಯರು ಪ್ರಕಟಿಸಿದ ವರದಿಯಿಂದ. ಕ್ರೋನ್, ಗಿಂಜ್‌ಬರ್ಗ್, ಒಪ್ಪನ್‌ಹೈಮರ್ ಅಂತ ಅಕಾರಾದಿಯಲ್ಲಿ ಹೆಸರು ಹಾಕಿದ್ದರು. ಮೊದಲು ಬಂದವನ ಹೆಸರೇ ಉಳಿಯಿತು.

ನಮ್ಮ ದೇಶದಲ್ಲಿ ಅಷ್ಟು ನೋಡಿ ಕ್ರೋನ್ಸ್ ಅಂತ ಬರೆದುಬಿಡುವ ಹಾಗಿಲ್ಲ. ಕರುಳಿನ ಕ್ಷಯವೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಅದೇ ಜಾಗದಲ್ಲಿ ಕೂರುತ್ತದೆ. ಬಯಾಪ್ಸಿಯಲ್ಲಿ ಎರಡರಲ್ಲೂ ಗ್ರಾನುಲೋಮಾ, ಅಂದರೆ ಉರಿಯೂತದ ಜೀವಕೋಶಗಳ ಸಣ್ಣ ಗಂಟು, ಸಿಗಬಹುದು. ತಪ್ಪಿದರೆ ಎರಡು ಕಡೆಯಿಂದಲೂ ನಷ್ಟ. ಕ್ಷಯ ಇರುವವನಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಕ್ಷಯ ಮೈಯೆಲ್ಲ ಹರಡಬಹುದು. ಕ್ರೋನ್ಸ್ ಇರುವವನಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರೆ ಅಷ್ಟು ದಿನ ಕರುಳು ಸುಮ್ನೆ ಹಾಳಾಗುತ್ತದೆ. ಇವನ ಬಯಾಪ್ಸಿ ಚೂರಿನಲ್ಲಿ ಕ್ಷಯದ ರೋಗಾಣು ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್. ಎದೆಯ ಸಿ.ಟಿ. ಚೆನ್ನಾಗಿತ್ತು. ಕ್ಷಯದ ರಕ್ತಪರೀಕ್ಷೆಯೂ ನೆಗೆಟಿವ್. ಗ್ರಾನುಲೋಮಾಗಳು ಚಿಕ್ಕವು, ಒಳಗೆ ಕೊಳೆತಿರಲಿಲ್ಲ. ಬಾಯಿಹುಣ್ಣು, ಬಿಟ್ಟು ಬಿಟ್ಟು ಹುಣ್ಣು, ಭಗಂದರ ಎಲ್ಲ ಸೇರಿ ತಕ್ಕಡಿ ಕ್ರೋನ್ಸ್ ಕಡೆಗೇ ವಾಲಿತು.

ಕ್ರೋನ್ಸ್‌ನಲ್ಲಿ ಭಗಂದರ ಯಾಕೆ ಆಗುತ್ತದೆ ಅನ್ನುವುದನ್ನು ಹುಡುಗನಿಗೆ ಟ್ಯೂಬಿನ ಉದಾಹರಣೆ ಕೊಟ್ಟು ಹೇಳಿದೆ. ಇದರ ಸೋದರ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್ ಕರುಳಿನ ಒಳಗಿನ ಪದರವನ್ನಷ್ಟೇ ಕೆರೆಯುತ್ತದೆ. ಕ್ರೋನ್ಸ್ ಗೋಡೆಯ ಪೂರ್ತಿ ದಪ್ಪವನ್ನೂ ಕೊರೆಯುತ್ತದೆ. ಕೊರೆದು ಆಚೆ ಬಂದ ಹುಣ್ಣು ಎಲ್ಲಿಗೋ ಒಂದು ದಾರಿ ಮಾಡಿಕೊಳ್ಳುತ್ತದೆ: ಪಕ್ಕದ ಕರುಳಿಗೆ, ಮೂತ್ರಕೋಶಕ್ಕೆ, ಚರ್ಮಕ್ಕೆ. "ಪಂಕ್ಚರ್ ಆದ ಹಾಗಾ ಸಾರ್?" ಅಂದ. ಹೆಚ್ಚುಕಡಿಮೆ ಹಾಗೇ.

ಔಷಧ ಮತ್ತು ನಾನು ಬಿಟ್ಟ ಹೆಜ್ಜೆ

ಭಗಂದರ ಇರುವ ಕ್ರೋನ್ಸ್‌ಗೆ ನಮ್ಮ ಕೈಯಲ್ಲಿರುವ ಗಟ್ಟಿ ಔಷಧ ಇನ್‌ಫ್ಲಿಕ್ಸಿಮ್ಯಾಬ್. ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಅನ್ನುವ ಅಣುವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯ ಇದು. ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ಕಿತು. ಕೆ.ಜಿ.ಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಡ್ರಿಪ್ ಮೂಲಕ ಕೊಡುತ್ತೇವೆ. ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ. 52 ಕೆ.ಜಿ.ಗೆ 260 ಮಿಲಿಗ್ರಾಂ ಆಗುತ್ತದೆ. ಒಂದು ಬಾಟಲಿಯಲ್ಲಿ 100 ಇರುವುದರಿಂದ ಮೂರು ಬಾಟಲಿ ಪೂರ್ತಿ ಕೊಟ್ಟೆವು. ದುಡ್ಡಿನ ಔಷಧ, ಚೆಲ್ಲುವ ಮಾತೇ ಇಲ್ಲ. ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನೇ ಹೋಲುವ ಬೇರೆ ಕಂಪನಿಗಳ ಔಷಧ, ಬಂದ ಮೇಲೆ ಸ್ವಲ್ಪ ಕೈಗೆ ಎಟುಕುವ ಹಾಗಾಗಿದೆ. ಆದರೂ ಮೊದಲ ಡೋಸಿಗೆ ಅವನ ತಾಯಿ ಸರ ಅಡವಿಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು.

ಔಷಧ ಹಿಡಿಯುವವರೆಗೆ ಭೇದಿ ತಗ್ಗಲಿ ಅಂತ ಜೊತೆಗೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ 40 ಮಿಲಿಗ್ರಾಂ ಶುರುಮಾಡಿದೆ, ವಾರಕ್ಕೆ 5ರಂತೆ ಇಳಿಸುವ ಲೆಕ್ಕದಲ್ಲಿ. ಸ್ಟೀರಾಯ್ಡ್ ಭಗಂದರಕ್ಕೆ ಏನೂ ಮಾಡುವುದಿಲ್ಲ. ಒಳಗೆ ಕೀವಿದ್ದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಗೊತ್ತಿದ್ದೂ ಕೊಟ್ಟೆ, ಭೇದಿ ಅಷ್ಟು ಜಾಸ್ತಿ ಇತ್ತು.

ದೊಡ್ಡ ತಪ್ಪು ಅದಲ್ಲ. ಔಷಧ ಶುರುಮಾಡುವ ಮುಂಚೆ ಗುದದ ಭಾಗದ ಎಂ.ಆರ್.ಐ. ಮಾಡಿಸಿ, ಸರ್ಜನ್ ಅರಿವಳಿಕೆ ಕೊಟ್ಟು ಒಳಗೆ ಪರೀಕ್ಷಿಸಿ, ಭಗಂದರದ ದಾರಿಯಲ್ಲಿ ಒಂದು ಸಡಿಲ ದಾರ ಹಾಕಿಬಿಡುವುದು ಪದ್ಧತಿ. ಅದಕ್ಕೆ ಸೀಟನ್ ಅನ್ನುತ್ತಾರೆ. ಹುಡುಗನ ಕವರಿನಲ್ಲಿ ಎರಡೂವರೆ ತಿಂಗಳ ಹಿಂದಿನ ಎಂ.ಆರ್.ಐ. ಇತ್ತು. ಸ್ನಾಯುವನ್ನು ದಾಟಿ ಹೋಗುವ ಒಂದು ದಾರಿ, ಕೀವು ಸೇರಿಲ್ಲ ಅಂತ ಬರೆದಿತ್ತು. ಹೊರಗೆ ಕೀವು ಸರಾಗವಾಗಿ ಹರಿಯುತ್ತಿತ್ತು. ಅಂದ ಮೇಲೆ ಒಳಗೆ ಕಟ್ಟಿಕೊಂಡಿಲ್ಲ ಅಂತ ನಾನು ತಿಳಿದುಕೊಂಡೆ. ಇನ್ನೊಂದು ಸ್ಕ್ಯಾನ್, ಇನ್ನೊಂದು ಆಪರೇಷನ್ ಥಿಯೇಟರ್ ಬಿಲ್ ಯಾಕೆ, ಅದೇ ದುಡ್ಡಿಗೆ ಅರ್ಧ ಡೋಸ್ ಬರುತ್ತದೆ ಅಂತ ಲೆಕ್ಕ ಹಾಕಿದೆ. ಅವನ ಪರವಾಗಿ ಯೋಚಿಸುತ್ತಿದ್ದೇನೆ ಅಂದುಕೊಂಡೇ ಅವನಿಗೆ ತೊಂದರೆ ಮಾಡಿದೆ.

ಬಟ್ಟೆ ಒಣಗಿತು

ಮೊದಲ ಡೋಸ್ ಆದ ಹತ್ತು ದಿನಕ್ಕೆ ಕೀವು ಅರ್ಧಕ್ಕಿಳಿಯಿತು. ಭೇದಿ ದಿನಕ್ಕೆ ಎರಡು ಸಲಕ್ಕೆ ಬಂತು. ಎರಡನೇ ಡೋಸಿಗೆ ಬಂದಾಗ ಹಸಿದ ಮುಖ ಹೋಗಿ ಹುಡುಗನ ಮುಖ ಬಂದಿತ್ತು. ಉರಿಯೂತ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ ಸಿ.ಆರ್.ಪಿ. 12. ನಾಲ್ಕನೇ ವಾರ ಫೋನ್ ಮಾಡಿದ. "ಸಾರ್, ಬಟ್ಟೆ ಒಣಗಿದೆ. ತೂತೇ ಕಾಣಲ್ಲ. ಇವತ್ತು ಬಟ್ಟೆ ಇಲ್ದೆ ಡ್ಯೂಟಿಗೆ ಹೋಗಿದ್ದೆ." ನನಗೂ ಖುಷಿಯಾಯಿತು. ಇನ್‌ಫ್ಲಿಕ್ಸಿಮ್ಯಾಬ್ ಹಿಡಿದಾಗ ಸಿಗುವ ಖುಷಿ ಅದು, ವೃತ್ತಿಯಲ್ಲಿ ದಿನಾ ಸಿಗುವಂಥದ್ದಲ್ಲ.

ಐದನೇ ವಾರ ಮತ್ತೆ ಫೋನ್. ಕೂತರೆ ನೋವು ಅಂದ. ಜ್ವರ ಇದೆಯಾ ಅಂತ ಕೇಳಿದೆ, ಇಲ್ಲ ಅಂದ. ಊತ? ಕಾಣಲ್ಲ. ಕೀವು? ಒಂದು ಹನಿಯೂ ಇಲ್ಲ. ಮಲ ಗಟ್ಟಿಯಾಗಿ ಬಿರುಕು ಬಿಟ್ಟಿರಬೇಕು, ಬಿಸಿನೀರಿನ ಟಬ್ಬಿನಲ್ಲಿ ಕೂತ್ಕೋ ಅಂದೆ. ಭಗಂದರ ಮುಚ್ಚಿದ ಒಂದೇ ವಾರಕ್ಕೆ ಹೊಸ ನೋವು ಶುರುವಾಗಿದೆ ಅನ್ನುವುದನ್ನು ನನ್ನ ಕಿವಿ ಕೇಳಿಸಿಕೊಂಡಿತು, ತಲೆ ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅವನಿನ್ನೂ ದಿನಕ್ಕೆ 15 ಮಿಲಿಗ್ರಾಂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ. ಅದರ ಮೇಲೆ ಇನ್‌ಫ್ಲಿಕ್ಸಿಮ್ಯಾಬ್. ಎರಡೂ ಇರುವಾಗ ಜ್ವರ ಬರಲಿ ಅಂತ ಕಾಯುವುದು, ಬ್ಯಾಟರಿ ತೆಗೆದ ಅಲಾರಂ ಹೊಡೆಯಲಿ ಅಂತ ಕಾದ ಹಾಗೆ.

ಆರನೇ ವಾರ ಮೂರನೇ ಡೋಸಿಗೆ ಬಂದ. ಡ್ರಿಪ್ ಹಾಕುವ ವಾರ್ಡಿನ ಸಿಸ್ಟರ್ ಔಷಧ ಕಲಸುವ ಮೊದಲೇ ನನಗೆ ಫೋನ್ ಮಾಡಿದರು. "ಸಾರ್, ಹೋದ ಸಲ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದ ಹುಡುಗ. ಇವತ್ತು ಒಂದೇ ಕಡೆ ವಾಲಿಕೊಂಡು ಕೂತಿದ್ದಾನೆ. ನೀವೊಂದು ಸಲ ನೋಡಿಬಿಡಿ, ಆಮೇಲೆ ಕಲಸ್ತೀನಿ." ಒಮ್ಮೆ ಕಲಸಿದರೆ ಆ ಮೂರು ಬಾಟಲಿ ಮತ್ತೆ ಬರುವುದಿಲ್ಲ. ಈ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಕೆಲಸ ಮಾಡಿದವರಲ್ಲಿ ಆಯುರ್ವೇದ ವೈದ್ಯರು ಮೊದಲನೆಯವರಾದರೆ ಈ ಸಿಸ್ಟರ್ ಎರಡನೆಯವರು.

ಜ್ವರ 99.2. ನಾಡಿ 108. ಹೊರಗಿನ ಚರ್ಮ ನೋಡಿದರೆ ಏನೂ ಇಲ್ಲ, ಹಳೆಯ ತೂತಿನ ಜಾಗದಲ್ಲಿ ನಯವಾದ ಸಣ್ಣ ಕಲೆ. ಬೆರಳು ಹಾಕಿ ಪರೀಕ್ಷಿಸಲು ಹೋದರೆ ಹುಡುಗ ಮಂಚದಿಂದ ಎದ್ದುಬಿಟ್ಟ. ಹಿಂಭಾಗದಲ್ಲಿ ಉಬ್ಬಿಕೊಂಡಿತ್ತು. ಸಿ.ಆರ್.ಪಿ. 86, ಬಿಳಿ ರಕ್ತಕಣ 13,400. ಡೋಸ್ ನಿಲ್ಲಿಸಿದೆವು. ಅವತ್ತೇ ಎಂ.ಆರ್.ಐ.

ಕೊಬ್ಬಿನ ಹೊಳಪನ್ನು ತಗ್ಗಿಸಿ ತೆಗೆದ ಚಿತ್ರದಲ್ಲಿ ಕೀವು ಬೆಳ್ಳಗೆ ಹೊಳೆಯುತ್ತದೆ. ಗುದನಾಳದ ಹಿಂದಿನಿಂದ ಶುರುವಾಗಿ ಎಡಕ್ಕೂ ಬಲಕ್ಕೂ ಬಾಗಿದ ಲಾಳದ ಆಕಾರ. ದೊಡ್ಡ ಭಾಗ ನಾಲ್ಕೂವರೆ ಸೆಂಟಿಮೀಟರ್. ಹಳೆಯ ಎಂ.ಆರ್.ಐ.ಯಲ್ಲಿ ಒಂದೇ ದಾರಿ ಇದ್ದಲ್ಲಿ ಈಗ ಒಂದು ಕವಲು. ಚರ್ಮದ ಹತ್ತಿರ ಮಾತ್ರ ದಾರಿ ಅಂಗುಲದ ಅರ್ಧದಷ್ಟು ಮುಚ್ಚಿತ್ತು, ಅದರ ಹಿಂದೆ ಪೂರ್ತಿ ತೆರೆದುಕೊಂಡೇ ಇತ್ತು.

ಅಪ್ಪ ಊರಿನಿಂದ ಬಂದಿದ್ದರು. ಚಿತ್ರ ತೋರಿಸಿ ಹೇಗೆ ಹೇಳಲಿ ಅಂತ ನಾನು ಪದ ಹುಡುಕುತ್ತಿದ್ದೆ. ಅವರು ಸ್ಕ್ರೀನನ್ನೇ ಸ್ವಲ್ಪ ಹೊತ್ತು ನೋಡಿದರು. "ತೂಬು ಮುಚ್ಚವ್ರೆ, ಒಳಗ್ ನೀರ್ ಬರೋದ್ ನಿಂತಿಲ್ಲ. ಅದಕ್ಕೇ ಏರಿಗೆ ನುಗ್ಗೈತೆ. ಅಲ್ವಾ ಸ್ವಾಮಿ?" ಮೂವತ್ತು ವರ್ಷ ಕೆರೆ ಕಾದವರಿಗೆ ನಾನು ಇನ್ನೇನು ಹೇಳಲಿ. ಅಲ್ವಾ ಅಂದರೆ ಹೌದು ಅನ್ನಲೇಬೇಕು.

ಯಾಕೆ ಹೀಗಾಗುತ್ತದೆ

ನೀರಗಂಟಿಯ ಮಾತಿನಲ್ಲಿ ಕಾರಣದ ಮುಕ್ಕಾಲು ಪಾಲು ಇದೆ. ಇನ್‌ಫ್ಲಿಕ್ಸಿಮ್ಯಾಬ್ ಉರಿಯೂತ ತಗ್ಗಿಸಿದಾಗ ಚರ್ಮ ಬೇಗ ಬೆಳೆದು ತೂತನ್ನು ಮುಚ್ಚುತ್ತದೆ, ಚರ್ಮದ ಸ್ವಭಾವವೇ ಅದು. ಒಳಗಿನ ಸುರಂಗ ಅಷ್ಟು ಬೇಗ ಕೂಡುವುದಿಲ್ಲ. ಕರುಳಿನ ಕಡೆಯ ಬಾಯಿ ತೆರೆದಿದ್ದರೆ ಮಲದ ಬ್ಯಾಕ್ಟೀರಿಯಾ ದಿನವೂ ಒಳಗೆ ಬರುತ್ತಲೇ ಇರುತ್ತವೆ. ಹೊರಗೆ ಹೋಗಲು ದಾರಿಯಿಲ್ಲ. ಉಳಿದ ಕಾಲುಪಾಲು, ಅವುಗಳ ಜೊತೆ ಹೋರಾಡುವ ಶಕ್ತಿಯನ್ನು ಅದೇ ಔಷಧ ತಗ್ಗಿಸಿರುವುದು.

ಇದು ಹೊಸ ಸಂಗತಿಯೇನಲ್ಲ, ಅದಕ್ಕೇ ನನಗೆ ಜಾಸ್ತಿ ನಾಚಿಕೆ. ಇನ್‌ಫ್ಲಿಕ್ಸಿಮ್ಯಾಬ್ ಭಗಂದರಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿದ ಮೊದಲ ದೊಡ್ಡ ಅಧ್ಯಯನ ಪ್ರಕಟವಾದದ್ದು 1999ರಲ್ಲಿ, 94 ರೋಗಿಗಳ ಮೇಲೆ. ಕೆ.ಜಿ.ಗೆ 5 ಮಿಲಿಗ್ರಾಂ ಪಡೆದವರಲ್ಲಿ 100ಕ್ಕೆ 55 ಜನರ ತೂತುಗಳೆಲ್ಲ ಮುಚ್ಚಿದವು. ಬರೀ ನೀರಿನಂಥ ಡ್ರಿಪ್ ಪಡೆದವರಲ್ಲಿ 13. ಎಲ್ಲರೂ ನೆನಪಿಟ್ಟುಕೊಂಡಿದ್ದು ಈ ಅಂಕಿಗಳನ್ನು. ಅದೇ ವರದಿಯಲ್ಲಿ, ಔಷಧ ಪಡೆದವರಲ್ಲಿ 100ಕ್ಕೆ 11ರಷ್ಟು ಜನರಿಗೆ ಕುರು ಆಯಿತು ಅಂತಲೂ ಇದೆ. "ಮುಚ್ಚಿತು" ಅನ್ನಲು ಅವರು ಇಟ್ಟುಕೊಂಡ ಅಳತೆ ಏನು ಗೊತ್ತಾ? ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕೀವು ಬರಬಾರದು, ಅಷ್ಟೇ. ನಮ್ಮ ಹುಡುಗನ ಒಣ ಬಟ್ಟೆಯೂ ಅದೇ ಅಳತೆ.

ಒಳಗಿನ ಅಳತೆ ಬೇರೆ. 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಹದಿನೆಂಟು ತಿಂಗಳ ನಂತರ ಎಂ.ಆರ್.ಐ. ಮಾಡಿ ನೋಡಿತು. ಬರೀ ಟಿ.ಎನ್.ಎಫ್. ತಡೆಯುವ ಔಷಧದಲ್ಲಿ ಇದ್ದವರಲ್ಲಿ ಒಳಗಿನ ದಾರಿ ಪೂರ್ತಿ ಕೂಡಿದ್ದು 100ಕ್ಕೆ 9 ಜನರಿಗೆ. ಸ್ವಲ್ಪ ಕಾಲ ಔಷಧ ಕೊಟ್ಟು ಜೊತೆಗೆ ಶಸ್ತ್ರಚಿಕಿತ್ಸೆಯಿಂದ ದಾರಿ ಮುಚ್ಚಿಸಿಕೊಂಡವರಲ್ಲಿ 32.

ಇದೇ ಕುರು ಹೊಟ್ಟೆಯೊಳಗೆ ಆಗಿದ್ದರೆ ಕತೆ ಬೇರೆ ಇರುತ್ತಿತ್ತು. ಅಲ್ಲಿ ಸಿ.ಟಿ. ನೋಡಿಕೊಂಡು ಹೊಟ್ಟೆಯ ಹೊರಗಿನಿಂದ ಸೂಜಿ ಹಾಯಿಸಿ, ಹಂದಿಬಾಲದ ಹಾಗೆ ಸುರುಳಿ ಇರುವ ನಳಿಕೆ ಇಡುತ್ತಾರೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾದರೆ ಆಂಟಿಬಯಾಟಿಕ್ ಒಂದರಲ್ಲೇ ಕರಗಬಹುದು. ಎಷ್ಟೋ ಜನರಿಗೆ ಆಮೇಲೆ ಆ ಕರುಳಿನ ಭಾಗವನ್ನೇ ತೆಗೆಯಬೇಕಾಗುತ್ತದೆ.

ದಾರ

ಅವತ್ತು ಸಂಜೆಯೇ ಸೊಂಟಕ್ಕೆ ಅರಿವಳಿಕೆ ಕೊಟ್ಟು ಸರ್ಜನ್ ಗೆಳತಿ ತೆರೆದರು. ಸುಮಾರು 60 ಮಿಲಿಲೀಟರ್ ಕೀವು. ವಾಸನೆಗೆ ಥಿಯೇಟರಿನಲ್ಲಿದ್ದ ಇಂಟರ್ನ್ ಹೊರಗೆ ಹೋದ. ಹಿಂದಿನ ಆಳದ ಜಾಗ ಬಿಡಿಸಿ, ಎರಡೂ ಪಕ್ಕದಲ್ಲಿ ಸಣ್ಣ ಸೀಳು ಕೊಟ್ಟು, ಎರಡು ಸಿಲಿಕೋನ್ ದಾರ ಹಾಯಿಸಿ ಸಡಿಲವಾಗಿ ಗಂಟು ಹಾಕಿದರು. ಸ್ನಾಯುವನ್ನು ಒಂದು ಎಳೆಯೂ ಕೊಯ್ಯಲಿಲ್ಲ. ಈ ದಾರದ ಕೆಲಸ ಕೊಯ್ಯುವುದಲ್ಲ. ಬಾಯಿ ಮುಚ್ಚದಂತೆ ನೋಡಿಕೊಳ್ಳುವುದು, ಕೀವು ಬಂದರೆ ಅದರ ಪಕ್ಕದಿಂದ ಇಳಿದು ಹೋಗಲು ಬಿಡುವುದು.

ಕೀವನ್ನು ಎರಡು ಕಡೆ ಕಳಿಸಿದೆವು: ಒಂದು ಸಾಮಾನ್ಯ ಕಲ್ಚರಿಗೆ, ಇನ್ನೊಂದು ಕ್ಷಯದ ಪರೀಕ್ಷೆಗೆ. ಇನ್‌ಫ್ಲಿಕ್ಸಿಮ್ಯಾಬ್ ಮೇಲೆ ಇರುವವರ ಯಾವ ಕೀವನ್ನೂ ನಮ್ಮಲ್ಲಿ ಕ್ಷಯಕ್ಕೆ ನೋಡದೆ ಬಿಡಬಾರದು. ಕ್ಷಯದ ರೋಗಾಣುವನ್ನು ಗ್ರಾನುಲೋಮಾದೊಳಗೆ ಕೂಡಿಹಾಕಿ ಇಟ್ಟಿರುವುದೇ ಟಿ.ಎನ್.ಎಫ್. ಕ್ಷಯದ ಪರೀಕ್ಷೆ ನೆಗೆಟಿವ್ ಬಂತು. ಕಲ್ಚರಿನಲ್ಲಿ ಇ. ಕೋಲಿ, ನಾವು ಶುರುಮಾಡಿದ್ದ ಸೆಫ್ಟ್ರಿಯಾಕ್ಸೋನಿಗೆ ಬಗ್ಗದ ಜಾತಿ. ಹದಿನಾಲ್ಕು ತಿಂಗಳ ಚೀಟಿಗಳಲ್ಲಿ ಬರೆದಿದ್ದ ಆಂಟಿಬಯಾಟಿಕ್‌ಗಳನ್ನು ಎಣಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಎರ್ಟಪೆನೆಮ್‌ಗೆ ಬದಲಿಸಿದೆವು. ನಿಜ ಹೇಳಬೇಕೆಂದರೆ, ಔಷಧ ಬದಲಿಸುವ ಮೊದಲೇ, ಕೀವು ಹೊರಗೆ ಹೋದ ಮಾರನೇ ದಿನವೇ, ಅವನು ನೇರ ಕೂತು ಇಡ್ಲಿ ತಿಂದ.

ಮೂರನೇ ದಿನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಆ ದಾರ ಯಾವಾಗ ಬಿಚ್ತೀರಿ ಡಾಕ್ಟ್ರೇ? ಮದುವೆ ಮಾತಾಡ್ತಾ ಇದ್ವಿ." ಸದ್ಯಕ್ಕೆ ಬಿಚ್ಚಲ್ಲಮ್ಮ, ಉಡುದಾರ ಇದ್ದ ಹಾಗೆ ಇರಲಿ ಅಂದೆ. ಅವರಿಗೆ ನಗು ಬಂತು, ತಡೆದುಕೊಂಡರು. ಮಗನಿಗೆ ಮಾತ್ರ ಹೇಳಿಬಿಟ್ಟರು. ಅವತ್ತಿನಿಂದ ಮನೆಯಲ್ಲಿ ಅದಕ್ಕೆ ಉಡುದಾರ ಅಂತಲೇ ಹೆಸರು.

ಇನ್‌ಫ್ಲಿಕ್ಸಿಮ್ಯಾಬನ್ನು ಮತ್ತೆ ಕೊಡಬೇಕಾ ಅನ್ನುವ ಪ್ರಶ್ನೆಗೆ ನಮ್ಮಲ್ಲೇ ಎರಡು ಮಾತು ಬಂತು. ಕುರು ಮಾಡಿದ ಔಷಧವನ್ನೇ ಮತ್ತೆ ಕೊಡುವುದಾ ಅಂತ ಅಪ್ಪನಿಗೂ ಅನುಮಾನ. ಆದರೆ ನಿಲ್ಲಿಸಿದರೆ ಕರುಳಿನ ಹುಣ್ಣು ಮತ್ತೆ ಏಳುತ್ತದೆ, ಗುದನಾಳದ ಉರಿಯೂತ ಏಳುತ್ತದೆ, ಭಗಂದರಕ್ಕೆ ಮೂಲ ಅದೇ. ಬಹಳ ದಿನ ಬಿಟ್ಟು ಮತ್ತೆ ಶುರುಮಾಡಿದರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟಿಕೊಳ್ಳುವ ಸಂಭವವೂ ಜಾಸ್ತಿ. ಈ ಔಷಧದ ಕಾಲುಭಾಗ ಇಲಿಯ ಪ್ರೋಟೀನು, ದೇಹಕ್ಕೆ ಅದರ ಮೇಲೆ ಗುಮಾನಿ ಇದ್ದೇ ಇರುತ್ತದೆ. ಕೀವು ಪೂರ್ತಿ ಖಾಲಿಯಾಗಿದ್ದು ಖಾತ್ರಿಯಾದ ಮೇಲೆ ಕೊಡುವುದು ಅಂತ ತೀರ್ಮಾನಿಸಿದೆವು. ಸ್ಟೀರಾಯ್ಡನ್ನು ಮೊದಲು ಇಳಿಸಿ ನಿಲ್ಲಿಸಿದೆ. ಒಂಬತ್ತನೇ ವಾರ ಮತ್ತೆ ಎಂ.ಆರ್.ಐ. ಲಾಳ ಕುಗ್ಗಿ ದಾರದ ಸುತ್ತ ತೆಳ್ಳನೆ ಗೆರೆಯಾಗಿತ್ತು. ಸಿ.ಆರ್.ಪಿ. 9. ಬಾಕಿ ಉಳಿದಿದ್ದ ಮೂರನೇ ಡೋಸ್ ಆಗ ಹೋಯಿತು. ಅವತ್ತು ಸಿಸ್ಟರ್ ಅವನನ್ನು ಎರಡು ಸಲ ಎದ್ದು ಕೂರಿಸಿ ನೋಡಿ ಆಮೇಲೆ ಔಷಧ ಕಲಸಿದರು.

ಮುಂದಿನ ತಿಂಗಳುಗಳದ್ದು ಹೇಳುವಂಥ ಕತೆಯಲ್ಲ. ರಕ್ತದಲ್ಲಿ ಔಷಧದ ಮಟ್ಟ ನೋಡಿದಾಗ 4 ಇತ್ತು. ಭಗಂದರ ಕೂಡಲು ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, 10ರ ಆಚೆ ಇದ್ದರೆ ಒಳ್ಳೆಯದು. ಎಂಟು ವಾರದ ಅಂತರವನ್ನು ಆರಕ್ಕೆ ಇಳಿಸಿದೆವು. ಖರ್ಚು ಏರಿತು, ಅವನು ರಾತ್ರಿ ಪಾಳಿಯೂ ಹಿಡಿದ. ಆರನೇ ತಿಂಗಳಲ್ಲಿ ಬಲಗಡೆಯ ದಾರ ತೆಗೆದೆವು, ಆ ಕಡೆ ಕೂಡಿಕೊಂಡಿತು. ತೂಕ 60 ದಾಟಿದೆ.

ಎಡಗಡೆಯದ್ದು ಇನ್ನೂ ಇದೆ. ಕಳೆದ ತಿಂಗಳ ಸ್ಕ್ಯಾನ್ ನೋಡಿ, ಇನ್ನು ತೆಗೆದು ದಾರಿಯ ಒಳಬಾಯಿಯನ್ನು ಹೊಲಿದು ಮುಚ್ಚೋಣ ಅಂತ ಸರ್ಜನ್ ಹೇಳಿದರು. ಹುಡುಗ ಒಪ್ಪುತ್ತಿಲ್ಲ. "ಇದು ಇದ್ರೆ ನಂಗೆ ಧೈರ್ಯ ಸಾರ್. ಮತ್ತೆ ಬಟ್ಟೆ ಒಣಗಿದ್ರೆ ನಿದ್ದೆ ಬರಲ್ಲ." ಅಪ್ಪ ಪಕ್ಕದಲ್ಲೇ ಕೂತಿದ್ದರು, ಮಳೆಗಾಲ ಕಳೆದ ಮೇಲೆ ನೋಡೋಣ ಅಂದರು. ದೀಪಾವಳಿ ಆದ ಮೇಲಿನ ಸೋಮವಾರಕ್ಕೆ ಥಿಯೇಟರ್ ಬುಕ್ ಮಾಡಿದ್ದೇವೆ, ಪೆನ್ಸಿಲಿನಲ್ಲಿ.